ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರು

ನಮ್ಮಲ್ಲಿ ಓದಿಹೋದ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಒಂದು ಸಂಗತಿ ನೆನಪಿರಬಹುದು. ಹೂವಿನ ಪಾಠದಲ್ಲಿ ದಳ, ಕೇಸರ, ಪರಾಗಗಳನ್ನು ಕರಿಹಲಗೆಯ ಮೇಲೆ ಸಾವಕಾಶವಾಗಿ ಬರೆದು ತೋರಿಸುತ್ತಿದ್ದ ನಾವು, ಬೀಜ ಹುಟ್ಟುವ ವಿಷಯ ಬಂದೊಡನೆ ಪುಸ್ತಕವನ್ನು ಮಡಿಸಿಬಿಡುತ್ತಿದ್ದೆವು. ಅದು ನಮ್ಮ ಸಂಕೋಚದಿಂದಾದ ತಪ್ಪು. ಆ ಸಂಕೋಚವನ್ನು ಬಿಡಿಸಿದವರು ಡಾಕ್ಟರ್ ಸ್ವಾಮಿಯವರು. ಅವರ ಚರಿತ್ರೆಯನ್ನು ಸಂಗ್ರಹವಾಗಿ ಇಲ್ಲಿ ನಿವೇದಿಸುತ್ತೇವೆ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು 1918ನೆಯ ಇಸವಿಯಲ್ಲಿ ಜನಿಸಿದರು. ಕವಿಗಳೂ ಪತ್ರಿಕಾಕರ್ತರೂ ಆಗಿದ್ದ ಡಿ. ವಿ. ಗುಂಡಪ್ಪನವರು ಅವರ ತಂದೆ. ತಂದೆಯವರ ಹುಟ್ಟೂರಾದ ಮುಳಬಾಗಿಲಿನಿಂದ ಬರುವ ಹಳೆಯ ಮದರಾಸು ರಸ್ತೆಯು ನಮ್ಮ ಕೃಷ್ಣರಾಜಪುರ, ಹಲಸೂರುಗಳನ್ನು ಹಾದೇ ಪಟ್ಟಣವನ್ನು ಸೇರುತ್ತದೆ. ಸ್ವಾಮಿಯವರು ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಬೀಜದೊಳಗಿನ ಭ್ರೂಣದ ಹುಟ್ಟನ್ನೇ ತಮ್ಮ ಶೋಧನೆಯ ವಿಷಯವಾಗಿ ಹಿಡಿದರು.

ಆ ವಿಷಯದ ತೊಡಕು ಇದು. ಜರೀಗಿಡದಲ್ಲಿ ಗಂಡು ಜೀವಾಣುವು ನೀರಿನಲ್ಲಿ ಈಜಿ ಅಂಡವನ್ನು ಸೇರುತ್ತದೆ. ಹೂಬಿಡುವ ಗಿಡದ ಜೀವಾಣುವಿಗೆ ಈಜುವ ಶಕ್ತಿಯಿಲ್ಲ. ಅಂಡವೋ ಹೂವಿನ ಬುಡದಲ್ಲಿ ಮುಚ್ಚಿಕೊಂಡಿದೆ. ಆದುದರಿಂದ ಶಲಾಕೆಯ ತುದಿಯಲ್ಲಿ ಬಿದ್ದ ಪರಾಗದ ಕಣವು ಮೊಳೆತು, ಕೂದಲಿಗಿಂತಲೂ ಸೂಕ್ಷ್ಮವಾದ ಒಂದು ನಾಳವನ್ನು ಒಳಕ್ಕೆ ಇಳಿಬಿಡುತ್ತದೆ. ಆ ನಾಳವು ಎರಡು ಗಂಡು ಜೀವಾಣುಗಳನ್ನು ಹೊತ್ತು ಅಂಡಕವನ್ನು ಹೊಗುತ್ತದೆ. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ನಡುವಣ ಕಣದೊಡನೆ ಕೂಡಿ ಆ ಭ್ರೂಣಕ್ಕೆ ಆಹಾರವನ್ನು ಒದಗಿಸುತ್ತದೆ. ನಾವು ತುರಿಯುವ ತೆಂಗಿನಕಾಯಿಯ ತಿರುಳೂ ಬೀಸುವ ರಾಗಿಯ ಹಿಟ್ಟೂ ಬಹುಮಟ್ಟಿಗೆ ಈ ಎರಡನೆಯ ಕೂಟದ ಫಲವೇ. ಈ ಇಮ್ಮಡಿ ಕೂಟವನ್ನು 1898ರಲ್ಲಿ ರಷ್ಯಾ ದೇಶದ ನವಾಷಿನ್ ಎಂಬವರು ಕಂಡುಹಿಡಿದಿದ್ದರು.

ಸ್ವಾಮಿಯವರು ಈ ದಾರಿಯನ್ನು ಆರ್ಕಿಡ್ ಹೂಗಳಲ್ಲಿ ಬಹುಕಾಲ ಪರೀಕ್ಷಿಸಿದರು. ಅವುಗಳಲ್ಲಿ ಪರಾಗ ಬಿದ್ದ ಮೇಲೆಯೇ ಅಂಡಕಗಳು ಬಲಿಯುವುವು. ಅತಿಥಿ ಬಂದ ಮೇಲೆ ಮನೆ ಕಟ್ಟಿದಂತೆ! ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಇರ್ವಿಂಗ್ ಬೈಲಿ ಎಂಬ ವಿದ್ವಾಂಸರೊಡನೆ ಫಿಜಿ ದ್ವೀಪದ ಡಿಜೆನೇರಿಯಾ ಮೊದಲಾದ ಗಿಡಗಳನ್ನು ಶೋಧಿಸಿದರು. ಡಿಜೆನೇರಿಯಾದ ಅಂಡಾಶಯವು ನಡುನರದ ಮೇಲೆ ಮಡಿಸಿದ ಎಲೆಯಂತಿದೆ. ಅದರ ಅಂಚುಗಳು ಬೆಸೆದುಕೊಂಡಿಲ್ಲ. ಪರಾಗನಾಳವು ಆ ಅಂಚಿನ ರೋಮಗಳ ನಡುವೆ ನುಸುಳಿ ಒಳಸೇರುತ್ತದೆ. ಇದರಿಂದ, ಹೂವಿನ ಅಂಡಾಶಯವು ಮೊದಲು ಮಡಿಸಿದ ಎಲೆಯಾಗಿತ್ತೆಂದು ಅವರಿಬ್ಬರೂ 1951ರಲ್ಲಿ ಪ್ರತಿಪಾದಿಸಿದರು. ಮುಂದಿನ ವಿದ್ವಾಂಸರು ಈ ಮತವನ್ನು ಕೆಲವೆಡೆ ತಿದ್ದಿದ್ದಾರೆ. ಆದರೆ ಅದು ತೆರೆದ ವಿಚಾರಮಾರ್ಗ ಮುಚ್ಚಿಲ್ಲ.

1953ರಿಂದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿಯೂ ಮುಂದೆ ಪ್ರಾಂಶುಪಾಲರಾಗಿಯೂ ಸೇವೆ ಸಲ್ಲಿಸಿದರು. ಇಷ್ಟು ಕೀರ್ತಿ ಸಾಲದೆ? ಸಾಲದೆಂದೇ ಅವರು ಬಗೆದಂತಿದೆ. ವಿದ್ವಾಂಸರಿಗೆ ಇಂಗ್ಲಿಷಿನಲ್ಲಿ ಬರೆದ ಕೈಯೇ ಜನರಿಗಾಗಿ ಕನ್ನಡದಲ್ಲಿ ಬರೆಯಿತು. ಚಿತ್ರಗಳನ್ನೂ ತಾವೇ ಬರೆದರು. ವಿದ್ಯಾರ್ಥಿಗಳೊಡನೆ ಕಾಡು ತಿರುಗಿದ ವೃತ್ತಾಂತವಾದ ‘ಹಸುರು ಹೊನ್ನು’ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 1980ರ ನವೆಂಬರ್ ತಿಂಗಳಲ್ಲಿ ಅವರು ಕಾಲವಾದರು.

ಇಷ್ಟು ದೊಡ್ಡ ವಿದ್ವಾಂಸರು ಹೂವಿನ ಸಂಸಾರವನ್ನು ನಗುನಗುತ್ತ ಮನೆಮಾತಿನಲ್ಲಿ ಹೇಳಿರುವಾಗ, ಉಪಾಧ್ಯಾಯಿನಿಯರಾದ ನಾವು ನಾಚುವುದು ಯಾವ ನ್ಯಾಯ? ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಸಲ ಶಿವಾಜಿನಗರದ ಸಂತೆಯಿಂದ ಮುಸುಕಿನ ಜೋಳ ತಂದಾಗ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿಪ್ಪೆ ಬಿಡಿಸಿರಿ. ತೆನೆಯ ರೇಷ್ಮೆಯೆಳೆಗಳಲ್ಲಿ ಒಂದೊಂದೂ ಒಂದೊಂದು ಕಾಳಿಗೆ ಹೋಗುವ ದಾರಿ. ಎಲ್ಲಿ ಕಾಳಿಲ್ಲದೆ ಕುಳಿ ಬಿದ್ದಿದೆಯೋ ಅಲ್ಲಿಗೆ, ಬಹುಮಟ್ಟಿಗೆ, ಪರಾಗನಾಳವು ಬಂದು ಮುಟ್ಟಲಿಲ್ಲ. ನಾವು ತರಗತಿಯಲ್ಲಿ ಮಡಿಸಿಟ್ಟ ಪುಟವನ್ನು ನೀವು ಅಡಿಗೆಮನೆಯಲ್ಲಿ ಹೀಗೆ ತೆರೆಯಬಹುದು.