ಸಿ. ಎಡ್ಮಂಡ್ ಕೆಲ್ಸ್

ಚಾರ್ಲ್ಸ್ ಎಡ್ಮಂಡ್ ಕೆಲ್ಸ್ (ಅಕ್ಟೋಬರ್ 21, 1856 – ಮೇ 7, 1928) ಅಮೆರಿಕದ ದಂತವೈದ್ಯರು, ಸಂಶೋಧಕರು ಹಾಗೂ ಲೇಖಕರು. ದಂತಚಿಕಿತ್ಸೆಯಲ್ಲಿ ಕ್ಷ-ಕಿರಣವನ್ನು ಬಳಕೆಗೆ ತಂದ ಮೊದಲಿಗರಲ್ಲಿ ಇವರೂ ಒಬ್ಬರು. ಅದೇ ಕಿರಣಗಳಿಂದ ಉಂಟಾದ ಕ್ಯಾನ್ಸರ್‌ನಿಂದಾಗಿ ಇವರು ಒಂದು ತೋಳನ್ನು ಕಳೆದುಕೊಂಡರು.

ಆರಂಭಿಕ ಜೀವನ

ಕೆಲ್ಸ್ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದರು. ತಂದೆಯೂ ದಂತವೈದ್ಯರಾಗಿದ್ದರು. 1878ರಲ್ಲಿ ನ್ಯೂಯಾರ್ಕ್ ದಂತವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, ಹುಟ್ಟೂರಿಗೆ ಮರಳಿ ವೃತ್ತಿ ಆರಂಭಿಸಿದರು. ಚಿಕಿತ್ಸಾಲಯದಲ್ಲಿ ವಿದ್ಯುತ್ತನ್ನು ಬಳಸುವುದರಲ್ಲಿ ಹಾಗೂ ಮಹಿಳಾ ಸಹಾಯಕಿಯನ್ನು ನೇಮಿಸಿಕೊಳ್ಳುವುದರಲ್ಲಿ ಇವರು ಮುಂಚೂಣಿಯಲ್ಲಿದ್ದರು. ಶಸ್ತ್ರಚಿಕಿತ್ಸೆಯ ವೇಳೆ ರಕ್ತವನ್ನು ಹೀರಿ ತೆಗೆಯುವ ಉಪಕರಣವನ್ನೂ ರೂಪಿಸಿದರು.

ಕ್ಷ-ಕಿರಣ ಮತ್ತು ಹುದುಗಿದ ಹಲ್ಲುಗಳು

ದವಡೆಯಲ್ಲಿ ಸ್ಥಳ ಸಾಲದೆಯೋ ಓರೆಯಾಗಿ ಬೆಳೆದೋ ಹೊರಬರಲಾಗದೆ ಮೂಳೆಯೊಳಗೇ ಉಳಿಯುವ ಹಲ್ಲನ್ನು ಹುದುಗಿದ ಹಲ್ಲು ಎನ್ನುತ್ತಾರೆ. ಬುದ್ಧಿಹಲ್ಲು ಹಾಗೂ ಮೇಲ್ದವಡೆಯ ಕೋರೆಹಲ್ಲುಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಅಪರೂಪಕ್ಕೆ ಹಲ್ಲು ಅಡ್ಡಲಾಗಿ ಅಥವಾ ತಲೆಕೆಳಗಾಗಿ ಇರುವುದುಂಟು. ಹೆಚ್ಚುವರಿ ಹಲ್ಲುಗಳೂ ಮೂಳೆಯಲ್ಲಿ ಅಡಗಿರುವುದುಂಟು. ಕಾಣದ ಹಲ್ಲು ಹುಟ್ಟಿಯೇ ಇಲ್ಲವೋ ಒಳಗೆ ಹುದುಗಿದೆಯೋ ಎಂಬುದನ್ನು ನಿಶ್ಚಯಿಸಲು ಕ್ಷ-ಕಿರಣಕ್ಕೆ ಮುನ್ನ ವೈದ್ಯರಿಗೆ ಊಹೆ ಮತ್ತು ಶಸ್ತ್ರಗಳೇ ಆಧಾರವಾಗಿದ್ದವು.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದರು. ಮರುವರ್ಷದ ಜನವರಿಯಲ್ಲಿ ಜರ್ಮನಿಯ ಒಟ್ಟೊ ವಾಲ್ಕಾಫ್ 25 ನಿಮಿಷ ಕಿರಣ ಹಾಯಿಸಿ ತಮ್ಮದೇ ಹಲ್ಲುಗಳ ಚಿತ್ರ ತೆಗೆದರು. ಅದೇ ವರ್ಷ ಕೆಲ್ಸ್ ತಮ್ಮ ಚಿಕಿತ್ಸಾಲಯದಲ್ಲಿ ಯಂತ್ರವನ್ನು ಅಳವಡಿಸಿ, ಜುಲೈನಲ್ಲಿ ಆಶ್‌ವಿಲ್ ನಗರದ ದಂತವೈದ್ಯರ ಸಮ್ಮೇಳನದಲ್ಲಿ ಪ್ರಾತ್ಯಕ್ಷಿಕೆ ನೀಡಿದರು. ಬಾಯೊಳಗೆ ಫಿಲ್ಮನ್ನು ಅಲುಗದಂತೆ ನಿಲ್ಲಿಸುವ ಸಾಧನವನ್ನೂ ಸಿದ್ಧಪಡಿಸಿದರು. 1899ರಲ್ಲಿ ಬೇರುನಾಳದೊಳಗೆ ಸೀಸದ ತಂತಿಯನ್ನಿರಿಸಿ ಚಿತ್ರ ತೆಗೆದು ಅದರ ಉದ್ದವನ್ನು ಅಳೆದರು.

ಹಲ್ಲು ಉಳಿಸುವ ಪ್ರತಿಪಾದನೆ

ದೇಹದ ಅನೇಕ ರೋಗಗಳಿಗೆ ಹಲ್ಲಿನ ಸೋಂಕೇ ಮೂಲವೆಂದು ಭಾವಿಸಿ, ಹಲ್ಲುಗಳನ್ನು ಸಾಮೂಹಿಕವಾಗಿ ಕೀಳುವ ಪದ್ಧತಿ 20ನೆಯ ಶತಮಾನದ ಆರಂಭದಲ್ಲಿ ಹಬ್ಬಿತ್ತು. ಕೆಲ್ಸ್ ಇದನ್ನು ಬಲವಾಗಿ ವಿರೋಧಿಸಿದರು. ಕ್ಷ-ಕಿರಣ ಚಿತ್ರವು ಹಲ್ಲನ್ನು ಉಳಿಸಲು ನೆರವಾಗಬೇಕೇ ಹೊರತು ಕೀಳಲು ನೆಪವಾಗಬಾರದು ಎಂಬುದು ಇವರ ನಿಲುವಾಗಿತ್ತು.

ಅನಾರೋಗ್ಯ ಮತ್ತು ನಿಧನ

ಅಂದಿನ ಯಂತ್ರಗಳಿಗೆ ರಕ್ಷಾಕವಚವಿರಲಿಲ್ಲ. ಕಿರಣದ ತೀವ್ರತೆಯನ್ನು ಪರೀಕ್ಷಿಸಲು ವೈದ್ಯರು ತಮ್ಮ ಕೈಯನ್ನೇ ಅದಕ್ಕೆ ಒಡ್ಡುತ್ತಿದ್ದರು. ವರ್ಷಗಳ ಕಾಲ ಹೀಗೆ ಮಾಡಿದ ಕೆಲ್ಸ್ ಅವರ ಬೆರಳುಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ನಡುವೆ ಮೊದಲು ಬೆರಳುಗಳನ್ನು, ಆನಂತರ ಕೈಯನ್ನು, ಕೊನೆಗೆ ತೋಳನ್ನೇ ತೆಗೆಯಬೇಕಾಯಿತು. ನೋವಿನ ನಡುವೆಯೂ ಬರವಣಿಗೆಯನ್ನು ಮುಂದುವರಿಸಿ, 1926ರಲ್ಲಿ ಆತ್ಮಕಥನವನ್ನು ಪ್ರಕಟಿಸಿದರು. 1928ರ ಮೇ 7ರಂದು ಆತ್ಮಹತ್ಯೆ ಮಾಡಿಕೊಂಡರು.

ಇಂದು ದಂತ ಕ್ಷ-ಕಿರಣ ಚಿತ್ರಕ್ಕೆ ಸೆಕೆಂಡಿನ ಒಂದಂಶ ಸಾಕಾಗುತ್ತದೆ. ಚಿತ್ರ ತೆಗೆಯುವವರು ದೂರದಲ್ಲಿ ಅಥವಾ ತಡೆಯ ಹಿಂದೆ ನಿಲ್ಲುತ್ತಾರೆ. ಈ ಎಚ್ಚರಿಕೆಯನ್ನು ವೈದ್ಯಲೋಕಕ್ಕೆ ಕಲಿಸಿದ್ದು ಕೆಲ್ಸ್ ಅವರಂಥ ಮೊದಲ ತಲೆಮಾರಿನವರು ಅನುಭವಿಸಿದ ಗಾಯಗಳು.