ರಾಬರ್ಟ್ ಹುಕ್: ಮಣಿಯುವಿಕೆಯನ್ನು ಅಳೆದ ಪ್ರಯೋಗಕಾರ

ಹುಕ್ ನಿಯಮವನ್ನು ಪಾಠ ಮಾಡುವಾಗ ಸೂತ್ರವನ್ನು ಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುವುದೇ ನಮ್ಮಲ್ಲಿ ರೂಢಿ. ಆ ಹೆಸರಿನ ಮನುಷ್ಯನ ಬದುಕು ತಿಳಿದಿದ್ದರೆ ಪಾಠ ಬೇರೆ ರೀತಿಯಲ್ಲಿ ಆರಂಭವಾಗುತ್ತದೆ.

ರಾಬರ್ಟ್ ಹುಕ್ 1635ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ. ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ. ಲಂಡನ್ನಿನಲ್ಲಿ ಶಾಲೆ ಮುಗಿಸಿ, ಆಕ್ಸ್‌ಫರ್ಡ್‌ನಲ್ಲಿ ರಾಬರ್ಟ್ ಬಾಯ್ಲ್‌ನ ಸಹಾಯಕನಾಗಿ ಗಾಳಿಪಂಪು ಕಟ್ಟಿಕೊಟ್ಟ. 1662ರಲ್ಲಿ ರಾಯಲ್ ಸೊಸೈಟಿಯು ಅವನನ್ನು ಪ್ರಯೋಗಗಳ ಮೇಲ್ವಿಚಾರಕನನ್ನಾಗಿ ನೇಮಿಸಿತು. ಪ್ರತಿ ವಾರದ ಸಭೆಯಲ್ಲೂ ಮೂರು ನಾಲ್ಕು ಪ್ರಯೋಗಗಳನ್ನು ಮಾಡಿ ತೋರಿಸುವುದು ಅವನ ಕೆಲಸ. ಬೋಧನಾಭ್ಯಾಸದಲ್ಲಿರುವ ನಿಮಗೆ ಅದರ ಕಷ್ಟ ಗೊತ್ತು.

ತಂತಿಗೂ ಸ್ಪ್ರಿಂಗಿಗೂ ತೂಕ ಕಟ್ಟಿ ಅವನು ಅಳೆದ. ತೂಕ ಎರಡರಷ್ಟಾದರೆ ಹಿಗ್ಗುವಿಕೆಯೂ ಎರಡರಷ್ಟಾಯಿತು. ಒಂದು ಸೆಂಟಿಮೀಟರ್ ಹಿಗ್ಗಲು ಎಷ್ಟು ಬಲ ಬೇಕು ಎಂಬುದು ಪೆಡಸುತನ. ಒಂದು ನ್ಯೂಟನ್ ಬಲಕ್ಕೆ ಎಷ್ಟು ಹಿಗ್ಗುತ್ತದೆ ಎಂಬುದು ಮಣಿಯುವಿಕೆ. ಒಂದು ಇನ್ನೊಂದರ ವಿಲೋಮ.

ಬೇರೆಯವರು ತನ್ನ ಶೋಧವನ್ನು ಕಸಿದುಕೊಳ್ಳುವರೆಂಬ ಭಯ ಅವನಿಗಿತ್ತು. 1676ರ ಪುಸ್ತಕವೊಂದರಲ್ಲಿ ಈ ನಿಯಮವನ್ನು ಹದಿನಾಲ್ಕು ಅಕ್ಷರಗಳ ಒಗಟಾಗಿ ಬಚ್ಚಿಟ್ಟ. 1678ರಲ್ಲಿ ತಾನೇ ಬಿಡಿಸಿದ. ಅದೇ ಪುಸ್ತಕದಲ್ಲಿ ಇನ್ನೊಂದು ಒಗಟೂ ಇತ್ತು. ತೂಗುವ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಗಟ್ಟಿಯಾದ ಕಮಾನು ಸಿಗುತ್ತದೆ ಎಂಬುದು ಅದರ ಅರ್ಥ. ತೂಗುವಾಗ ಕೊಂಡಿಗಳಲ್ಲಿ ಎಳೆತ ಮಾತ್ರ. ತಿರುಗಿಸಿದಾಗ ಕಲ್ಲುಗಳಲ್ಲಿ ಒತ್ತಡ ಮಾತ್ರ. ಬಾಗಿಸುವ ಬಲವಿಲ್ಲದ ಕಾರಣ ಕಡಿಮೆ ಕಲ್ಲೇ ಸಾಕು. ಈ ಒಗಟಿನ ಉತ್ತರ ಅಚ್ಚಾದದ್ದು 1705ರಲ್ಲಿ. ಹುಕ್ 1703ರಲ್ಲೇ ತೀರಿಕೊಂಡಿದ್ದ.

ಇಂದು ಎಂಜಿನಿಯರುಗಳು ಟೋಪಾಲಜಿ ಆಪ್ಟಿಮೈಸೇಶನ್ ಎಂಬ ವಿಧಾನದಲ್ಲಿ ಕಂಪ್ಯೂಟರಿಗೆ ಇದೇ ಬಗೆಯ ಪ್ರಶ್ನೆ ಕೇಳುತ್ತಾರೆ: ಈ ಭಾರಕ್ಕೆ ರಚನೆ ಅತಿ ಕಡಿಮೆ ಮಣಿಯಬೇಕಾದರೆ ವಸ್ತುವನ್ನು ಎಲ್ಲಿ ಇಡಬೇಕು, ಎಲ್ಲಿ ಖಾಲಿ ಬಿಡಬೇಕು? ಇಷ್ಟೇ ವಸ್ತು ಎಂಬ ನಿರ್ಬಂಧ ಹಾಕದಿದ್ದರೆ ಜಾಗವನ್ನೆಲ್ಲ ತುಂಬಿಬಿಡು ಎಂಬುದೇ ಉತ್ತರವಾಗುತ್ತದೆ. ನಿರ್ಬಂಧ ಇದ್ದಾಗಲೇ ಪ್ರಶ್ನೆಗೆ ಅರ್ಥ.

ತರಗತಿಯಲ್ಲಿ ಇದಕ್ಕೆ ಒಂದು ಕಾಗದ ಸಾಕು. ಎರಡು ಪುಸ್ತಕಗಳ ನಡುವೆ ಹಾಳೆಯನ್ನು ಹಾಸಿ ಸೀಮೆಸುಣ್ಣ ಇಡಿ, ಕುಸಿಯುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಚಿ ಇಡಿ, ನಿಲ್ಲುತ್ತದೆ. ಇನ್ನೊಂದು ಹಾಳೆ ಕೇಳಿದ ಮಗುವಿಗೆ ಕೊಡಬೇಡಿ, ನಿರ್ಬಂಧ ಅದೇ. ಆದರೆ ಕಾರಣವನ್ನು ಮಾತ್ರ ಹುಕ್‌ನಂತೆ ಬಚ್ಚಿಡದೆ, ಮಕ್ಕಳ ಬಾಯಿಂದಲೇ ಹೊರಡಿಸಿ.