ಮುಲುಕ ಮೈದಾನದ ಎರಕಗಾರ

ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ವಿದ್ಯಾರ್ಜನೆಗೆಂದು ಬರುವ ತರುಣರು ಪಶ್ಚಿಮ ಕೋಟೆಯ ಶೆರ್ಜಾ ಬುರುಜಿನ ಮೇಲಿರುವ ಮುಲುಕ ಮೈದಾನ ತೋಪನ್ನು ಬಲ್ಲರು. ಅದನ್ನು ಎರಕ ಹೊಯ್ದ ಮಹಮ್ಮದ ಬಿನ್ ಹಸನ್ ರೂಮಿಯ ಚರಿತ್ರೆಯನ್ನು ನೆನೆಯುವವರು ಮಾತ್ರ ವಿರಳ.

ರೂಮಿ ಎಂಬ ಉಪನಾಮವೇ ಅವನು ತುರ್ಕರ ಸೀಮೆಯವನೆಂಬುದನ್ನು ಸೂಚಿಸುವದು. ಅಹಮದನಗರದ ಬುರ್ಹಾನ ನಿಜಾಮಶಹನು ಈ ಪರದೇಶಿಯ ಕೌಶಲವನ್ನು ಮನ್ನಿಸಿ ಆಶ್ರಯವಿತ್ತನು. 1549ರಲ್ಲಿ ರೂಮಿಯು ಈ ತೋಪನ್ನೆರೆದು ತನ್ನ ಹೆಸರನ್ನು ಅದರ ಮೈಮೇಲೆ ನಿಲ್ಲಿಸಿದನು. ಉದ್ದ 14 ಅಡಿಗೆ ಮೇಲು. ತೂಕ ಸುಮಾರು 55 ಟನ್ನು. ಬಾಯಿಯಲ್ಲಿ ಆನೆಯನ್ನು ನುಂಗುವ ಸಿಂಹದ ಮುಖ. ಲೋಹದಲ್ಲಿ ತಾಮ್ರವು ನೂರಕ್ಕೆ ಸುಮಾರು 80, ತವರವು ಸುಮಾರು 20 ಪಾಲು. ಸಾಧಾರಣ ತೋಪಿನ ಕಂಚಿನಲ್ಲಿ ತವರವು 10ರ ಆಸುಪಾಸಿನಲ್ಲಿರುವದು. ರೂಮಿಯದು ಗಂಟೆಯ ಕಂಚು. ಗಡುಸಾದರೂ ಬಿರಿಯುವ ಸ್ವಭಾವದ್ದು. ಇಂಥ ಮಹಾರಾಶಿಯು ಮೆಲ್ಲನೆ ಆರುವಾಗ ಮಿಶ್ರಣವು ಒಂದೆಡೆ ಗಟ್ಟಿಗೊಂಡು ಇನ್ನೊಂದೆಡೆ ಸಡಿಲಾಗದಂತೆ ನೋಡಿಕೊಳ್ಳುವದೇ ಎರಕಗಾರನ ನಿಜವಾದ ಪರೀಕ್ಷೆ.

1565ರ ರಕ್ಕಸತಂಗಡಿಯ ಕಾಳಗದಲ್ಲಿ ನಿಜಾಮಶಾಹಿಯ ತೋಪಖಾನೆಯನ್ನು ನಡೆಸಿದ ರೂಮಿಖಾನನು ಇವನೇ ಎಂದು ಪ್ರತೀತಿಯುಂಟು. ತಾಮ್ರದ ನಾಣ್ಯಗಳನ್ನೇ ತುಂಬಿ ಹಾರಿಸಿದ ಆ ತೋಪುಗಳೆದುರು ವಿಜಯನಗರದ ಸೇನೆ ಚದುರಿತು. ಕನ್ನಡಿಗರಿಗೆ ಈ ಸ್ಮರಣೆಯು ಕಹಿಯೇ ಸರಿ. ಆದರೂ ನಮ್ಮನ್ನು ಸೋಲಿಸಿದ ವಿದ್ಯೆಯನ್ನು ಅಲಕ್ಷಿಸುವದು ವಿವೇಕವಲ್ಲ.

ತೋಪು 1632ರಲ್ಲಿ ಪರಾಂಡದಿಂದ ವಿಜಯಪುರಕ್ಕೆ ಬಂದಿತು. 1854ರಲ್ಲಿ ಇಂಗ್ಲಿಷ್ ಅಧಿಕಾರಿಗಳು ಅದನ್ನು ಲಿಲಾವಿಗಿಟ್ಟಾಗ ಬಂದ ಬೆಲೆ ಕೇವಲ 150 ರೂಪಾಯಿ! ಲಿಲಾವು ರದ್ದಾದುದರಿಂದಲೇ ಅದು ಉಳಿಯಿತು.

ರೂಮಿಯನ್ನು ಕಾಡಿದ ತೊಡಕು ಇಂದಿನ ವಿಮಾನಯಂತ್ರದಲ್ಲಿಯೂ ಇದೆ. ಅದರ ಟರ್ಬೈನಿನ ಚಕ್ರಗಳಿಗೆ ನಿಕೆಲಿನ ಮಿಶ್ರಲೋಹವು ಬೇಕು. ದೊಡ್ಡ ಎರಕವು ಮೆಲ್ಲನೆ ಆರಿದರೆ ಅದರ ಘಟಕಗಳು ಬೇರ್ಪಟ್ಟು ಬಿರುಕಿಗೆ ಎಡೆಯಾಗುವದು. ಆದುದರಿಂದ ಕರಗಿದ ಲೋಹದ ಧಾರೆಯನ್ನು ಆರ್ಗಾನ್ ಇಲ್ಲವೆ ನೈಟ್ರೊಜನ್ ಅನಿಲದ ಹೊಡೆತದಿಂದ ಸೀಳಿ, ಅರೆಗಟ್ಟಿಯಾದ ಹನಿಗಳನ್ನು ತಿರುಗುವ ಪೀಠದ ಮೇಲೆ ಪದರಪದರವಾಗಿ ಕೂಡಿಸುವ ಸಿಂಪಡಿಕೆಯ ವಿಧಾನವನ್ನು 1970ರ ದಶಕದಲ್ಲಿ ವೇಲ್ಸಿನಲ್ಲಿ ಬೆಳೆಸಿದರು. ಹನಿಯು ಕ್ಷಣದಲ್ಲಿ ಆರುವದರಿಂದ ಕಣವು ಸಣ್ಣದು, ಮಿಶ್ರಣವು ಸಮ. ಒಳಗುಳಿಯುವ ಸೂಕ್ಷ್ಮರಂಧ್ರಗಳನ್ನು ಬಡಿದು, ಒತ್ತಿ ಮುಚ್ಚಬೇಕಾಗುವದು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ತೇಜಸ್ ವಿಮಾನವು ಮೊದಲ ಬಾರಿ ಹಾರಿದಾಗ ಅದರ ಒಡಲು ನಮ್ಮದು, ಯಂತ್ರವು ಅಮೇರಿಕೆಯದು. ನಿಜಾಮಶಹನು ತೋಪನ್ನು ಕೊಳ್ಳಲಿಲ್ಲ, ತೋಪೆರೆಯುವವನನ್ನು ಸಾಕಿದನು. ಬುರುಜನ್ನೇರುವ ತರುಣನು ಆ ಕಂಚನ್ನು ಮುಟ್ಟಿ ನೋಡಿ ಇದೊಂದು ಪಾಠವನ್ನು ಮನೆಗೊಯ್ದರೆ ರೂಮಿಯ ಶ್ರಮವು ನಮಗೂ ಸಾರ್ಥಕವಾದೀತು.